ಹಳ್ಳ ಕಾಯುವ ಕಣ್ಣುಗಳು



ಬಯಲುಸೀಮೆಯ ಮಾತಿನಲ್ಲಿ ಹಳ್ಳ ಹರಿಯುವುದಿಲ್ಲ, ಹಳ್ಳ ‘ಬರುತ್ತದೆ’. ವರ್ಷದ ಬಹುಕಾಲ ಸುಮ್ಮನಿದ್ದು, ಒಂದು ದಿನ ಹೇಳದೆ ಕೇಳದೆ ಬರುವ ಅತಿಥಿ ಅದು. ರೋಣ ತಾಲ್ಲೂಕಿನ ಯಾವಗಲ್ಲಿನ ಬಳಿ ಹಾದುಹೋಗುವ ಬೆಣ್ಣೆಹಳ್ಳ ಇಂಥದೇ. ಶಿಗ್ಗಾಂವಿಯ ಕಡೆ ಹುಟ್ಟಿ, ಹುಬ್ಬಳ್ಳಿ, ಕುಂದಗೋಳ, ನವಲಗುಂದಗಳ ಎರೆಭೂಮಿಯ ನೀರನ್ನು ಕೂಡಿಸಿಕೊಂಡು, ಮೆಣಸಗಿಯ ಬಳಿ ಅದು ಮಲಪ್ರಭೆಯನ್ನು ಸೇರುತ್ತದೆ. ದಂಡೆಯ ರೈತನಿಗೆ ಒಂದು ವರ್ಷ ಬೆಣ್ಣೆ, ಇನ್ನೊಂದು ವರ್ಷ ಸುಣ್ಣ.

ಯಾವಗಲ್ಲಿನ ಮೇಲೆ ಬಿಸಿಲು ಕಾಯುತ್ತಿರುವಾಗಲೇ ಹಳ್ಳ ಬರಬಹುದು. ಮಳೆ ಬಿದ್ದುದು ದೂರದ ಹುಬ್ಬಳ್ಳಿ ಸೀಮೆಯಲ್ಲಿ. ಮಲಪ್ರಭೆಗೆ ನವಿಲುತೀರ್ಥದ ಅಣೆಕಟ್ಟಿದೆ; ಅದರ ಬಾಗಿಲು ತೆರೆಯುವ ಸುದ್ದಿ ಮೊದಲೇ ತಿಳಿಯಬಹುದು. ಬೆಣ್ಣೆಹಳ್ಳಕ್ಕೆ ಅಂಥ ಬಾಗಿಲಿಲ್ಲ. 2009ರಲ್ಲಿಯೂ 2019ರಲ್ಲಿಯೂ ಉತ್ತರ ಕರ್ನಾಟಕವನ್ನು ಕಾಡಿದ ನೆರೆಗಳು ಈ ಸೀಮೆಯ ನೆನಪಿನಿಂದ ಇನ್ನೂ ಮಾಸಿಲ್ಲ.

ಸೇತುವೆಯ ಮೇಲೆ ನೀರು ಬಂದ ಹೊತ್ತಿನಲ್ಲಿ ದಾಟಬೇಕೋ ನಿಲ್ಲಬೇಕೋ ಎಂದು ಹೇಳುವವರು ಯಾರು? ಅಂಚಿನ ರಕ್ಷಣಾಕಲ್ಲು, ಆಳ ತೋರಿಸುವ ಅಳತೆಪಟ್ಟಿ, ಎಚ್ಚರಿಕೆಯ ಫಲಕ, ಇವೇ. ಕಡಲಿನವನಿಗೆ 1901ರಿಂದ ಕಾಪುವಿನ ದೀಪಸ್ತಂಭ ಏನನ್ನು ಹೇಳುತ್ತ ಬಂದಿದೆಯೋ, ಬಯಲಿನವನಿಗೆ ಈ ಬಣ್ಣದ ಗೆರೆಗಳು ಅದನ್ನೇ ಹೇಳುತ್ತವೆ. ಒಂದಡಿಯಷ್ಟು ಹರಿನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡಡಿಯಾದರೆ ದೊಡ್ಡ ವಾಹನಗಳನ್ನೂ ಒಯ್ಯಬಲ್ಲದು. ಗೆರೆ ಅಳಿಸಿಹೋಗಿದ್ದರೆ ಒಂದಕ್ಕೂ ಎರಡಕ್ಕೂ ಇರುವ ಅಂತರ ಮಬ್ಬುನೀರಿನಲ್ಲಿ ಯಾರಿಗೆ ಕಂಡೀತು? ಒಂದು ಡಬ್ಬಿ ಬಣ್ಣದ ಮೇಲೆ ಒಂದು ಜೀವ ನಿಂತಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಇಂಥ ಗುರುತುಗಳನ್ನು ನೋಡಿಕೊಳ್ಳುವ ಕೆಲಸವನ್ನು ಸಾಮಾನ್ಯ ನಾಗರಿಕರೂ ಹಂಚಿಕೊಂಡ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿನ ಕರಾವಳಿ ಕಾವಲು ಪಡೆಗೆ 1939ರಲ್ಲಿ ಸ್ವಯಂಸೇವಕರ ಒಂದು ಸಹಾಯಕ ದಳ ಹುಟ್ಟಿತು. ಅದರ ಸದಸ್ಯರು ಸಂಬಳವಿಲ್ಲದ ನಾಗರಿಕರು. ತರಬೇತಿ ಪಡೆದು ತಮ್ಮ ದೋಣಿಗಳಲ್ಲಿ ಹೊರಡುತ್ತಾರೆ. ದಾರಿತೋರುವ ತೇಲುಗುರುತು ತನ್ನ ಜಾಗದಲ್ಲಿದೆಯೇ, ಸೇತುವೆಯ ಕೆಳಗಿನ ದೀಪ ಉರಿಯುತ್ತಿದೆಯೇ, ಎತ್ತರ ಸೂಚಿಸುವ ಫಲಕ ಓದಲು ಬರುತ್ತದೆಯೇ ಎಂದು ನೋಡಿ ವರದಿ ಕೊಡುತ್ತಾರೆ. ದುರಸ್ತಿಯ ಹೊಣೆ ಸ್ವತ್ತಿನ ಒಡೆಯರದು. ನೋಡುವವರು ಬೇರೆ, ಮಾಡುವವರು ಬೇರೆ. ಇಬ್ಬರ ನಡುವೆ ಒಂದು ಬರಹ. ಆ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು ಈ ಅಚ್ಚುಕಟ್ಟು.

ನಮ್ಮ ಹಳ್ಳಗಳಲ್ಲಿ ಹಡಗಿಲ್ಲ, ನಿಜ. ಆದರೆ ನೋಡುವ ಕಣ್ಣುಗಳಿಗೆ ಬಡತನವಿಲ್ಲ. ಎಂಜಿನಿಯರರು ಮಳೆಗಾಲದ ಹಿಂದೆ ಮುಂದೆ ಬಂದು ನೋಡಬಹುದು. ದನ ಕಾಯುವವನು, ಹಾಲು ಒಯ್ಯುವವನು, ಶಾಲೆಯ ಮಾಸ್ತರರು ದಿನವೂ ನೋಡುತ್ತಾರೆ. ಜಾಲಿಯ ಕಂಟಿ ಬಂದು ಯಾವ ಕಿಂಡಿಗೆ ಅಡ್ಡನಿಂತಿದೆ, ದಂಡೆ ಎಲ್ಲಿ ಕುಸಿದಿದೆ, ಯಾವ ಕಲ್ಲು ಉರುಳಿದೆ ಎಂಬುದು ಅವರಿಗೆ ಗೊತ್ತು. ಗೊತ್ತಿದ್ದುದು ಕಟ್ಟೆಯ ಮಾತಾಗಿ ಮುಗಿಯುತ್ತದೆ, ಕಾಗದಕ್ಕೆ ಇಳಿಯುವುದಿಲ್ಲ.

ಇದಕ್ಕೊಂದು ಮಿತಿಯೂ ಉಂಟು. ನೆರೆ ಬಂದಾಗ ನೀರು ಸೇತುವೆಯ ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ಇಳಿಯುವಾಗ ಅದೇ ಕುಳಿಯಲ್ಲಿ ಸಡಿಲವಾದ ಹೂಳನ್ನು ತುಂಬಿ ಹೋಗುತ್ತದೆ. ಮೇಲಿನಿಂದ ನೋಡಿದವನಿಗೆ ಎಲ್ಲವೂ ಭದ್ರ. ಅದನ್ನು ಅಳೆಯಲು ಉಪಕರಣ ಬೇಕು, ವಿದ್ಯೆ ಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಎತ್ತಲು ಸ್ಥಳೀಯ ಮೀನುಗಾರರೂ ಒದಗಿದರು. ಊರಿನ ಜನ ಜೀವ ಉಳಿಸಬಲ್ಲರು; ಕಾಂಕ್ರೀಟಿನ ಒಳಗಿನ ರೋಗವನ್ನು ಅವರು ಹೇಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಸ್ವಯಂಸೇವೆಯ ಹೆಸರಿನಲ್ಲಿ ಸರಕಾರದ ಹೊಣೆ ಜನರ ಹೆಗಲಿಗೆ ಜಾರಬಾರದು.

ಆದ್ದರಿಂದ ನನ್ನ ಸೂಚನೆ ಸಣ್ಣದು. ಹಳ್ಳದ ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕವಿರಲಿ. ಮೃಗಶಿರಾ ಮಳೆಗೆ ಮುನ್ನ ಒಮ್ಮೆ, ದೀಪಾವಳಿಯ ನಂತರ ಒಮ್ಮೆ, ನಾಲ್ಕು ಜನ ಸೇತುವೆಗೆ ಹೋಗಿ, ಹಗಲಿನಲ್ಲಿ, ನೀರಿಲ್ಲದ ಹೊತ್ತಿನಲ್ಲಿ, ಕಂಡುದನ್ನು ಬರೆಯಲಿ. ಅಳತೆಪಟ್ಟಿ, ಕಲ್ಲು, ಕಿಂಡಿ, ದಂಡೆ: ಇಷ್ಟೇ. ಪುಟದ ಎಡಗಡೆ ಜನರು ಬರೆದ ತಾರೀಖು. ಬಲಗಡೆ ಇಲಾಖೆಯವರು ಉತ್ತರಿಸಿದ ತಾರೀಖು. ಬಲಗಡೆ ಖಾಲಿ ಉಳಿದರೆ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ.

ಹಳ್ಳ ಬಂದ ಮೇಲೆ ದಂಡೆಯಲ್ಲಿ ನಿಂತು ನೋಡುವವರು ನೂರಾರು ಜನ. ಹಳ್ಳ ಬರುವ ಮೊದಲು ನೋಡುವ ನಾಲ್ವರು ನಮಗೆ ಬೇಕು.