ತರುಣರ ಆಟ ಮತ್ತು ನೆರೆಹೊರೆ

ಮಕ್ಕಳು ಮೈಬಗ್ಗಿಸಿ ಆಡುವುದಿಲ್ಲವೆಂಬ ದೂರು ಇಂದು ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಇದು ಸೋಮಾರಿತನವೆಂದು ಕೆಲವರು, ಕೈಯಲ್ಲಿರುವ ಮೊಬೈಲಿನ ದೋಷವೆಂದು ಕೆಲವರು ಹೇಳುವರು. ಎರಡರಲ್ಲಿಯೂ ಸ್ವಲ್ಪ ನಿಜವುಂಟು. ಆದರೆ ತರುಣರ ಆಟಪಾಟಗಳು ಅವರ ಇಚ್ಛೆಯೊಂದನ್ನೇ ಅವಲಂಬಿಸಿಲ್ಲ. ಸುತ್ತಲಿನ ಹಿರಿಯರು ಯಾವುದನ್ನು ಮೆಚ್ಚುವರು, ಯಾವುದಕ್ಕೆ ಎಡೆಗೊಡುವರು ಎಂಬುದು ಅದಕ್ಕಿಂತ ಬಲವಾದ ಕಾರಣ. ಈ ಹೊತ್ತು ಇದನ್ನೇ ತಮ್ಮ ವಿಚಾರಕ್ಕೆ ತರಬೇಕೆಂದಿದ್ದೇನೆ.

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೇಹಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಆ ಸಂಸ್ಥೆಯ ತಜ್ಞರು 2016ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಲೋಕದ ಶಾಲಾಬಾಲಕರಲ್ಲಿ ಶೇಕಡ 78, ಬಾಲಕಿಯರಲ್ಲಿ ಶೇಕಡ 85 ಮಂದಿಗೆ ಇಷ್ಟು ಶ್ರಮವೂ ದೊರೆಯದು. ಭಾರತದ ಸ್ಥಿತಿ ಇದಕ್ಕಿಂತ ಸ್ವಲ್ಪ ಮೇಲೆಂದು ಕಂಡುಬಂದಿತು. ಅದಕ್ಕೆ ಆ ತಜ್ಞರು ಊಹಿಸಿದ ಕಾರಣವು ಗಮನಾರ್ಹವಾದುದು: ಹುಡುಗರು ಕೇರಿಯಲ್ಲಿ ಕ್ರಿಕೆಟ್ ಆಡುವರು, ಹುಡುಗಿಯರು ಮನೆಗೆಲಸ ಮಾಡುವರು! ಒಬ್ಬನ ಮೈ ಉಲ್ಲಾಸದಿಂದ ದಣಿಯುವುದು, ಒಬ್ಬಳ ಮೈ ದುಡಿಮೆಯಿಂದ ದಣಿಯುವುದು. ಲೆಕ್ಕದಲ್ಲಿ ಎರಡೂ ಒಂದೇ. ಬಾಳಿನಲ್ಲಿ ಒಂದೇ ಅಲ್ಲ.

ಸಮಾಜವು ಎಡೆಕೊಟ್ಟರೆ ಏನಾಗಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪ್ರಕಾಶ್ ಪಡುಕೋಣೆಯವರು ಷಟಲ್ ಆಟವನ್ನು ರೂಢಿಸಿಕೊಂಡದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಹಾಲಿನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಮದುವೆಯಿಲ್ಲದ ದಿನ ಅದೇ ಆಟದ ಅಂಗಳ. ಆಟದ ಹುಚ್ಚು ಹತ್ತಿಸಿದವರು ಅವರ ತಂದೆ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಬೆಂಗಳೂರಿಗೆ ಬಂದಾಗ ಅದರಲ್ಲಿ ಆ ಹಾಲಿನ ಪಾಲೂ ಇದ್ದಿತು. ಭಾರತದ ಮಹಿಳೆಯರು 1976ರಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಆಡಿದುದು ಬೆಂಗಳೂರಿನಲ್ಲಿಯೇ. ನಾಯಕಿಯಾಗಿದ್ದವರು ಈ ಊರಿನ ಶಾಂತಾ ರಂಗಸ್ವಾಮಿ.

ಈಗ ಬನ್ನೇರುಘಟ್ಟ ರಸ್ತೆಯ ಬದಿಯ ಅರೆಕೆರೆಯತ್ತ ನೋಡೋಣ. ಹೆಸರಿನಲ್ಲಿಯೇ ಕೆರೆಯುಳ್ಳ ಈ ಹಳ್ಳಿಯನ್ನು ನಗರವು ನುಂಗಿ ಬಹುಕಾಲವಾಗಲಿಲ್ಲ. ಹೊಲಗಳಿದ್ದೆಡೆ ಬಡಾವಣೆಗಳೂ ಬಹುಮಹಡಿಯ ವಸತಿಗಳೂ ಎದ್ದಿವೆ. ಇಂತಹ ಬಡಾವಣೆಗಳಲ್ಲಿ ಚೆಂಡಿಗೆ ಉಳಿದಿರುವುದು ಕಾರುಗಳ ನಡುವಣ ಸಂದು. ಗಾಜು ಒಡೆದೀತೆಂದು ಒಬ್ಬರು ಗದರುವರು, ಸದ್ದಾಯಿತೆಂದು ಇನ್ನೊಬ್ಬರು. ಹತ್ತನೆಯ ತರಗತಿ ಬಂದಿತೆಂದರೆ ಸಂಜೆಯೆಲ್ಲ ಮನೆಪಾಠಕ್ಕೆ ಮುಡಿಪು. ಹುಡುಗಿ ದೊಡ್ಡವಳಾದಳೆಂದರೆ ಆಟ ನಿಂತಿತು. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಹಿರಿಯರ ನೋಟವೇ ಸಾಕು. ಕಾವಲುಗಾರನ ಮಗನಂತೂ ಗೇಟಿನ ಹೊರಗೆ ನಿಂತು ನೋಡುವನು.

ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಕಾಪಾಡಲು ಕರ್ನಾಟಕದಲ್ಲಿ 1985ರ ಶಾಸನವೊಂದಿದೆ. ಶಾಸನವು ನೆಲವನ್ನು ಕಾಯಬಲ್ಲದು. ಅಲ್ಲಿ ಆಡುವ ಧೈರ್ಯವನ್ನು ಕೊಡಬೇಕಾದವರು ನಾವು. ವಸತಿಯ ಸಂಘಗಳು ಸಂಜೆಯ ಒಂದು ಗಂಟೆ ವಾಹನಗಳನ್ನು ಬದಿಗೊತ್ತಿಸಿ ಅಂಗಳವನ್ನು ಮಕ್ಕಳಿಗೆ ಬಿಡಲಿ. ವಾರದಲ್ಲಿ ಎರಡು ದಿನ ಹುಡುಗಿಯರೇ ಆಟವನ್ನು ಆರಿಸಲಿ. ತಾಯಂದಿರೂ ಜೊತೆಗೂಡಿದರೆ ಸಂಕೋಚ ತಾನಾಗಿ ಹರಿಯುವುದು. ಕಾವಲುಗಾರನ ಮಗನಿಗೂ ತಂಡದಲ್ಲಿ ಸ್ಥಳವಿರಲಿ. ಗೆಲ್ಲುವ ಹತ್ತು ಮಂದಿಯನ್ನು ಆರಿಸಿ ಉಳಿದವರನ್ನು ಮನೆಗೆ ಕಳುಹಿಸುವ ಪದ್ಧತಿ ನೆರೆಹೊರೆಗೆ ಸಲ್ಲದು.

ಇದಕ್ಕೆ ಹಣ ಹೆಚ್ಚು ಬೇಡ, ಹಿರಿಯರ ಸಮ್ಮತಿ ಬೇಕು. ನಾಳೆ ಸಂಜೆ ಚೆಂಡು ತಮ್ಮ ಬಾಗಿಲಿಗೆ ಉರುಳಿ ಬಂದರೆ, ಅದನ್ನು ನಗುಮುಖದಿಂದ ಹಿಂದಿರುಗಿಸುವುದೇ ಇದರ ಆರಂಭವಾಗಲಿ.