ಸರ್ವಿಸ್ ಆದ ಮೇಲೆ ಕಾರು ನಡುಗುವುದೇಕೆ?



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಒಂದು ಹಳೆಯ ಕಾರು ಇದೆ ಎಂದುಕೊಳ್ಳಿ. ನಿನ್ನೆಯವರೆಗೆ ಅದು ತನ್ನ ಪಾಡಿಗೆ ಓಡುತ್ತಿತ್ತು. ಇಂದು ಸರ್ವಿಸ್ ಮುಗಿಸಿಕೊಂಡು ಬಂದಿದೆ. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್, ಸೀಟು, ಕನ್ನಡಿ ಎಲ್ಲವೂ ನಡುಗುತ್ತವೆ. ಮನೆಯವರು "ಮೆಕ್ಯಾನಿಕ್ ಕೆಡಿಸಿಬಿಟ್ಟ" ಎನ್ನುತ್ತಾರೆ. ಮೆಕ್ಯಾನಿಕ್ "ಗಾಡಿಗೆ ವಯಸ್ಸಾಯಿತು ಸಾರ್, ಮೌಂಟಿಂಗ್ ರಬ್ಬರ್ ಎಲ್ಲ ಬದಲಾಯಿಸಬೇಕು" ಎನ್ನುತ್ತಾನೆ. ಯಾರ ಮಾತು ಸರಿ? ಸದ್ಯಕ್ಕೆ ಇಬ್ಬರೂ ಊಹಿಸುತ್ತಿದ್ದಾರೆ, ಅಷ್ಟೆ. ಊಹೆ ತಪ್ಪಿದರೆ ಹಣ ಹೋಗುತ್ತದೆ; ಎಷ್ಟೋ ವರ್ಷಗಳ ವಿಶ್ವಾಸವೂ ಹೋಗುತ್ತದೆ. ಈ ವ್ಯಾಜ್ಯವನ್ನು ನಿಮ್ಮ ಭೌತಶಾಸ್ತ್ರದ ಪಾಠ ಬಗೆಹರಿಸಬಲ್ಲದು.

ಉದಾಹರಣೆಗೆ ಮಾರುತಿ 800 ಕಾರನ್ನೇ ನೋಡೋಣ. 1983ರಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದರ 796 ಸಿ.ಸಿ. ಎಂಜಿನ್ನಿಗೆ ಮೂರು ಸಿಲಿಂಡರುಗಳು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಅಂದರೆ 720 ಡಿಗ್ರಿಯಲ್ಲಿ ಮೂರು ಸಲ, 240 ಡಿಗ್ರಿಗೊಂದು ತಳ್ಳು. ಐಡ್ಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ ಎಂದರೆ ನಿಮಿಷಕ್ಕೆ 1350, ಸೆಕೆಂಡಿಗೆ 22.5 ತಳ್ಳುಗಳು ಸಮನಾಗಿ ಬೀಳುತ್ತವೆ.

ಈಗ ಒಂದು ಸಿಲಿಂಡರ್ ಉರಿಯಲಿಲ್ಲ ಎನ್ನಿ. ಮೆಕ್ಯಾನಿಕ್‌ಗಳು ಇದನ್ನೇ "ಮಿಸ್ಸಿಂಗ್" ಎನ್ನುವುದು. ಎರಡು ತಳ್ಳು, ಒಂದು ಖಾಲಿ. ಮತ್ತೆ ಎರಡು ತಳ್ಳು, ಒಂದು ಖಾಲಿ. ಈ ಏರುಪೇರು ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 7.5 ಸಲ ಮರುಕಳಿಸುತ್ತದೆ.

ಈ ನಿಧಾನದ ಏರುಪೇರೇ ತೊಂದರೆಯ ಮೂಲ. ಉಯ್ಯಾಲೆಯನ್ನು ಅದರ ತೂಗಿಗೆ ಸರಿಯಾಗಿ ತಳ್ಳಿದರೆ ಎತ್ತರಕ್ಕೆ ಹೋಗುತ್ತದೆಯಲ್ಲವೇ? ರಬ್ಬರಿನ ಮೇಲೆ ಕುಳಿತ ಎಂಜಿನ್ನಿಗೂ ಹಾಗೆಯೇ ತನ್ನದೊಂದು ಸ್ವಾಭಾವಿಕ ಆವರ್ತನವಿದೆ. ಅದಕ್ಕಿಂತ ಬಹಳ ವೇಗವಾಗಿ ಬರುವ ಹೊಡೆತಗಳನ್ನು ರಬ್ಬರ್ ತಡೆದುಕೊಳ್ಳುತ್ತದೆ. ಅದರ ಸಮೀಪಕ್ಕೆ ಬರುವ ನಿಧಾನದ ಹೊಡೆತಗಳಿಗೆ ಎಂಜಿನ್ ಇಡಿಯಾಗಿ ತೂಗಾಡಿ, ಕಾರನ್ನೂ ನಡುಗಿಸುತ್ತದೆ.

ಹಾಗಾದರೆ ಕಾರಣ ಹುಡುಕುವುದು ಹೇಗೆ? ಮೊದಲ ಪ್ರಶ್ನೆ: ನಡುಕ ಯಾವಾಗ? ನಿಂತಾಗಲೇ ನಡುಗಿದರೆ ಎಂಜಿನ್ ಕಡೆ ನೋಡಬೇಕು. ಓಡುವಾಗ, ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಗಿದರೆ ಚಕ್ರಗಳ ಕಡೆ ನೋಡಬೇಕು. ಸರ್ವಿಸ್‌ನಲ್ಲಿ ಚಕ್ರಗಳನ್ನು ಹಿಂದೆ ಮುಂದೆ ಬದಲಾಯಿಸುವುದುಂಟು.

ಎರಡನೆಯ ಪ್ರಶ್ನೆ: ಸರ್ವಿಸ್‌ನಲ್ಲಿ ಏನೇನನ್ನು ಮುಟ್ಟಿದರು? ಸ್ಪಾರ್ಕ್ ಪ್ಲಗ್ ಕೈಜಾರಿ ಬಿದ್ದು ಅದರ ಪಿಂಗಾಣಿ ಬಿರುಕು ಬಿಟ್ಟಿರಬಹುದು. ಪ್ಲಗ್ ವೈರ್ ಪೂರ್ತಿ ಕೂರದೆ ಇರಬಹುದು. ಗಾಳಿಯ ಸಣ್ಣ ರಬ್ಬರ್ ಕೊಳವೆಯೊಂದನ್ನು ಮತ್ತೆ ಸಿಕ್ಕಿಸುವುದು ಮರೆತಿರಬಹುದು. ಆಗ ಹೆಚ್ಚು ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಇವೆಲ್ಲ ಬಹುಪಾಲು ಕಡಿಮೆ ಖರ್ಚಿನ ದೋಷಗಳು.

ಆದರೆ ಅವಸರ ಬೇಡ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಹಾಗೂ ಆಗಿರಬಹುದು. ಮೌಂಟಿಂಗ್ ರಬ್ಬರ್ ಒಂದೇ ದಿನದಲ್ಲಿ ಗಟ್ಟಿಯಾಗುವುದಿಲ್ಲ, ನಿಜ. ಆದರೆ ಏರಿಹೋಗಿದ್ದ ಐಡ್ಲಿಂಗನ್ನು ಮೆಕ್ಯಾನಿಕ್ ಸರಿಯಾದ ಮಟ್ಟಕ್ಕೆ ಇಳಿಸಿದರೆ, ಹೊಡೆತಗಳು ನಿಧಾನವಾಗಿ, ಅಷ್ಟು ದಿನ ಅಡಗಿದ್ದ ರಬ್ಬರಿನ ದೋಷ ಆಗ ಹೊರಬೀಳುತ್ತದೆ. ಕೆಲಸ ಸರಿಯಾಗಿ ಮಾಡಿದವನೇ ಬೈಸಿಕೊಳ್ಳುವುದು ಹೀಗೆ.

ಇದನ್ನು ತೀರ್ಮಾನಿಸಲು ಒಂದು ಸರಳ ಪರೀಕ್ಷೆಯಿದೆ. ಕಾರ್ಬ್ಯುರೇಟರ್ ಇರುವ ಹಳೆಯ ಎಂಜಿನ್ನಿನಲ್ಲಿ, ಅದು ಐಡ್ಲಿಂಗ್‌ನಲ್ಲಿರುವಾಗ, ನುರಿತ ಮೆಕ್ಯಾನಿಕ್ ಒಂದೊಂದೇ ಪ್ಲಗ್ ವೈರನ್ನು ಕಳಚಿ, ಮತ್ತೆ ಹಾಕುತ್ತಾನೆ. ಕಳಚಿದೊಡನೆ ನಡುಕ ಹೆಚ್ಚಿ ವೇಗ ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಕೆಲಸ ಮಾಡದೆ ಕುಳಿತದ್ದು ಅದೇ. ಮೂರೂ ಸಮನಾಗಿ ಕುಸಿದರೆ ಮೌಂಟಿಂಗ್ ಮತ್ತು ಐಡ್ಲಿಂಗ್ ಕಡೆ ತಿರುಗಬೇಕು. ಸೋತ ಸಿಲಿಂಡರ್ ಸಿಕ್ಕಿತೇ? ಎಂಜಿನ್ ನಿಲ್ಲಿಸಿ, ಆರಿದ ಮೇಲೆ, ಅದರ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನು ಇದಕ್ಕೆ ಹಾಕಿ ನೋಡುತ್ತಾರೆ. ದೋಷ ಪ್ಲಗ್ಗಿನ ಜೊತೆ ಹೋದರೆ ಕೆಟ್ಟದ್ದು ಪ್ಲಗ್. ಅಲ್ಲೇ ಉಳಿದರೆ ವೈರ್, ವಾಲ್ವ್ ಮೊದಲಾದವನ್ನು ಪರೀಕ್ಷಿಸಬೇಕು.

ಒಂದು ಎಚ್ಚರಿಕೆ. ಈ ವೈರುಗಳಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ನೀವು ಕೈಹಾಕಬೇಡಿ, ನಿಂತು ನೋಡಿ. ಕೆಟಲಿಟಿಕ್ ಕನ್ವರ್ಟರ್ ಇರುವ ಕಾರುಗಳಲ್ಲಿ ಈ ಪರೀಕ್ಷೆಯೇ ಬೇಡ. ಉರಿಯದ ಪೆಟ್ರೋಲ್ ಅದನ್ನು ಹಾಳುಮಾಡುತ್ತದೆ. ಹಾಗೆಂದು ಮಿಸ್ಸಿಂಗ್ ಇರುವ ಯಾವ ಕಾರನ್ನೂ ಹಾಗೆಯೇ ಓಡಿಸುತ್ತಿರಬಾರದು. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು, ಕೆಳಗಿಳಿದು, ಹೊಸದಾಗಿ ಹಾಕಿಸಿದ ಆಯಿಲನ್ನೂ ತೆಳುಮಾಡುತ್ತದೆ.

ಪ್ರಯೋಗಶಾಲೆಯಲ್ಲಿ ನಿಮ್ಮ ಅಧ್ಯಾಪಕರು ಹೇಳುವ ಮಾತು ಇಲ್ಲಿಗೂ ಅನ್ವಯಿಸುತ್ತದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ನೋಡಿ, ಬರೆದಿಡಿ. ಮುಂದಿನ ಸಲ ಮನೆಯ ಕಾರು ಸರ್ವಿಸ್‌ಗೆ ಹೋಗುವ ಮುನ್ನ ಎಂಜಿನ್ ಚಾಲೂ ಮಾಡಿಸಿ ಒಂದು ನಿಮಿಷ ಗಮನಿಸಿ: ಐಡ್ಲಿಂಗ್ ಹೇಗಿದೆ, ಕನ್ನಡಿ ಎಷ್ಟು ನಡುಗುತ್ತದೆ. ಬಂದ ಮೇಲೆ ಅದನ್ನೇ ಮತ್ತೆ ನೋಡಿ. ಆಗ ನೀವು ಮೆಕ್ಯಾನಿಕ್‌ಗೆ ಕೊಡುವುದು ದೂರನ್ನಲ್ಲ, ಮಾಹಿತಿಯನ್ನು. ಒಳ್ಳೆಯ ಮೆಕ್ಯಾನಿಕ್‌ಗೆ ಬೇಕಾದದ್ದೂ ಅದೇ.