ಆಲಿಕೆ ಸಭೆಗೆ ನಾವು ಒಯ್ಯಬೇಕಾದ ಮಾತು

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಮ್ಮ ಗೋಮಾಳದ ಅಂಚಿನಲ್ಲಿ ಪಟ್ಟಣದ ಕಸವನ್ನು ತಂದು ಬೇರ್ಪಡಿಸಿ, ಗೊಬ್ಬರ ಮಾಡಿ, ಮಿಕ್ಕುದನ್ನು ಹೂಳುವ ಘಟಕವೊಂದು ಬರಲಿದೆಯೆಂಬುದು ತಮಗೆಲ್ಲ ತಿಳಿದಿದೆ. ಅದಕ್ಕೆ ಪರಿಸರ ಅನುಮತಿ ದೊರೆಯುವ ಮುನ್ನ ಸಾರ್ವಜನಿಕ ಆಲಿಕೆ ಸಭೆ ನಡೆಯಬೇಕು. ಘಟಕ ಬೇಕೆನ್ನಿ, ಬೇಡವೆನ್ನಿ ಎಂದು ಹೇಳಲು ನಾನು ನಿಂತಿಲ್ಲ. ಆ ಸಭೆಗೆ ಏನನ್ನು ಒಯ್ಯಬೇಕೆಂಬಷ್ಟನ್ನೇ ಅರಿಕೆ ಮಾಡಿಕೊಳ್ಳುತ್ತೇನೆ.

ಬೆಂಗಳೂರಿನ ಕಸ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋದ ಕಥೆ ತಾವು ಕೇಳಿದ್ದೀರಿ. ಊರವರು ಹೋರಾಡಿದ ಮೇಲೆ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಗೆ ಲಾರಿಗಳು ಬರುವುದು ನಿಂತಿತು. ಆದರೆ ಆ ಹೊತ್ತಿಗೆ ಕಸದ ಗುಡ್ಡಗಳು ಎದ್ದಾಗಿತ್ತು. ಗುಡ್ಡ ಎದ್ದ ಮೇಲೆ ಕೂಗುವುದಕ್ಕಿಂತ, ಮೊದಲ ಲಾರಿ ಬರುವ ಮುಂಚೆ ಮಾತಾಡುವುದು ಲೇಸಲ್ಲವೇ?

ಈ ಸಭೆಯ ಕ್ರಮವನ್ನು ಕೇಂದ್ರ ಸರ್ಕಾರ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಲ್ಲಿ ಗೊತ್ತುಮಾಡಿದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಸಭೆ ಸ್ಥಳದಲ್ಲೇ ಅಥವಾ ಅದರ ಸಮೀಪದಲ್ಲೇ ನಡೆಯಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರು ನೇಮಿಸಿದ ಹಿರಿಯ ಅಧಿಕಾರಿಗಳು ಅಧ್ಯಕ್ಷತೆ ವಹಿಸುತ್ತಾರೆ. ಕಲಾಪವನ್ನೆಲ್ಲ ವಿಡಿಯೋದಲ್ಲಿ ಚಿತ್ರೀಕರಿಸುತ್ತಾರೆ. ಘಟಕದಿಂದ ಏನೇನಾದೀತೆಂಬ ಕರಡು ವರದಿಯನ್ನೂ ಅದರ ಕನ್ನಡ ಸಾರಾಂಶವನ್ನೂ ಮೊದಲೇ ಕಚೇರಿಗಳಲ್ಲಿ ಜನರು ನೋಡಲು ಇಡುತ್ತಾರೆ.

ಇಲ್ಲೊಂದು ಎಚ್ಚರಿಕೆ. "ನಾವು ಯಾರೂ ಹೋಗದಿದ್ದರೆ ಸಭೆ ತಾನೇ ನಿಲ್ಲುತ್ತದೆ" ಎಂದು ಕೆಲವರು ಹೇಳುತ್ತಿದ್ದಾರೆ. ನನ್ನ ಹುಟ್ಟೂರಿನಲ್ಲಿ ಬೇರೊಂದು ಕೆಲಸದ ಸಭೆಯ ಸಮಯದಲ್ಲಿ ನಮ್ಮ ತಂದೆಯವರೂ ಹೀಗೆಂದೇ ಮನೆಯಲ್ಲಿ ಕುಳಿತರು. ಈ ಸಭೆಗೆ ಇಷ್ಟು ಮಂದಿ ಸೇರಲೇಬೇಕೆಂಬ ಕಟ್ಟಲೆ ಇಲ್ಲ. ಹತ್ತು ಜನ ಬಂದರೂ ಸಭೆ ಸಭೆಯೇ. ಅಲ್ಲಿ ಮಾತಾಡಿದವರಲ್ಲಿ ಒಬ್ಬರೂ ನಮ್ಮ ಕೆರೆಯ ಹೆಸರೆತ್ತಲಿಲ್ಲ. ಕಾಗದದಲ್ಲೂ ಕೆರೆ ಬರಲಿಲ್ಲ. ತಂದೆಯವರು ಅದನ್ನು ಇಂದಿಗೂ ನೆನೆದು ನೊಂದುಕೊಳ್ಳುತ್ತಾರೆ.

ಹಾಗೆಯೇ, ಇದು ಕೈಯೆತ್ತಿ ಮತ ಎಣಿಸುವ ಸಭೆಯೂ ಅಲ್ಲ. ಇಲ್ಲಿ ಬಂದ ಪ್ರತಿಯೊಂದು ಆಕ್ಷೇಪಣೆಯನ್ನು ಬರೆದುಕೊಂಡು ಮೇಲಿನ ಪ್ರಾಧಿಕಾರಕ್ಕೆ ಕಳುಹಿಸುತ್ತಾರೆ. ಘಟಕ ಕಟ್ಟುವವರು ಅಂತಿಮ ವರದಿಯಲ್ಲಿ ಅವಕ್ಕೆ ಉತ್ತರ ಕೊಡಬೇಕು. "ಬೇಡ, ಬೇಡ" ಎಂಬ ಕೂಗಿಗೆ ಉತ್ತರ ಕೊಡಬೇಕಾದದ್ದೇನೂ ಇರುವುದಿಲ್ಲ. "ನನ್ನ ಬಾವಿಯಲ್ಲಿ ಸ್ವಾತಿ ಮಳೆ ಕಳೆದ ಮೇಲೆ ನೀರು ಆರು ಅಡಿಗೆ ಬರುತ್ತದೆ" ಎಂದರೆ ಉತ್ತರ ಕೊಡಲೇಬೇಕಾಗುತ್ತದೆ.

ಈ ನೀರಿನ ಮಾತೇ ಮುಖ್ಯ. ಕೊಳೆತ ಕಸದಿಂದ ಕಪ್ಪು ರಸ ಇಳಿಯುತ್ತದೆ. ಅದು ನೆಲದೊಳಕ್ಕೆ ಹೋಗದಿರಲೆಂದು ಹೂಳುವ ಗುಂಡಿಯ ತಳಕ್ಕೆ ಜೇಡಿಮಣ್ಣನ್ನೂ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೂ ಹಾಸುತ್ತಾರೆ. ಆ ಜೇಡಿಯ ತಳಕ್ಕಿಂತ ಕನಿಷ್ಠ 2 ಮೀಟರ್ ಕೆಳಗೇ ಅಂತರ್ಜಲ ಇರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಅದೂ ನೀರು ಅತಿ ಮೇಲೆ ಬಂದ ಕಾಲದ ಲೆಕ್ಕದಲ್ಲಿ. ಹೂಳುವ ಜಾಗ ನದಿಯಿಂದ 100 ಮೀಟರ್, ಕೊಳ, ಮನೆಗಳು ಹಾಗೂ ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದೂ ಅವುಗಳಲ್ಲಿತ್ತು.

ಇಂಥ ವರದಿಗಳಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ, ಅಂದರೆ ಮೂರು ತಿಂಗಳ ಅಳತೆಗಳನ್ನು ತೆಗೆಯುತ್ತಾರೆ. ಬೇಸಿಗೆಯಲ್ಲಿ ಬಾವಿ ಇಣುಕಿದವನಿಗೆ ನೀರು ಪಾತಾಳದಲ್ಲಿ ಕಾಣುತ್ತದೆ. ಮಳೆಗಾಲದಲ್ಲಿ ಅದೇ ಬಾವಿ ಎಷ್ಟು ತುಂಬುತ್ತದೆ, ಗೋಮಾಳದ ನೀರು ಯಾವ ಹಳ್ಳ ಹಿಡಿದು ಯಾರ ಗದ್ದೆಗೆ ಇಳಿಯುತ್ತದೆ ಎಂಬುದು ತಮಗೆ ಗೊತ್ತು. ವರದಿಯಲ್ಲಿ ಇಲ್ಲದ ಮಳೆಗಾಲ ತಮ್ಮ ಬಳಿ ಇದೆ. ಅದನ್ನು ಸಭೆಗೆ ಒಯ್ಯಿರಿ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟು:

1. ಗೋಮಾಳದ ಸುತ್ತಲಿನ ತೆರೆದ ಬಾವಿಗಳಿಗೆ ಹಗ್ಗದಲ್ಲಿ ಕಲ್ಲು ಕಟ್ಟಿ ಇಳಿಬಿಟ್ಟು, ನೆಲದಿಂದ ನೀರು ಎಷ್ಟು ಅಡಿಗಿದೆಯೆಂದು ಅಳೆದು, ತಾರೀಖಿನೊಡನೆ ಬರೆದಿಡಿ. ಮಳೆಗಾಲದಲ್ಲಿ ಎಲ್ಲಿಯವರೆಗೆ ಬರುತ್ತದೆಂದೂ ಬರೆಯಿರಿ.

2. ಕನ್ನಡ ಸಾರಾಂಶವನ್ನು ತರಿಸಿ ಶಾಲೆಯ ಜಗುಲಿಯಲ್ಲಿ ಓದಿಸೋಣ. ನಮ್ಮ ಕೆರೆ, ಹಳ್ಳ, ಬಾವಿಗಳು ಅದರಲ್ಲಿ ಇವೆಯೇ ನೋಡೋಣ.

3. ಲಾರಿಗಳು ಯಾವ ದಾರಿಯಲ್ಲಿ ಬರುತ್ತವೆ, ಕಪ್ಪು ರಸವನ್ನು ಏನು ಮಾಡುತ್ತಾರೆ, ಬಾವಿ ನೀರನ್ನು ಆಗಾಗ ಪರೀಕ್ಷಿಸುವವರು ಯಾರು ಎಂದು ಕೇಳಿರಿ.

4. ಬಾಯಲ್ಲಿ ಹೇಳುವುದನ್ನೇ ಕಾಗದದಲ್ಲೂ ಬರೆದು ಸಹಿ ಹಾಕಿ ಕೊಡಿ, ನಕಲೊಂದು ಮನೆಯಲ್ಲಿರಲಿ. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ.

5. ಕೊನೆಯವರೆಗೂ ಕುಳಿತಿರಿ. ಸಭೆಯ ಸಾರಾಂಶವನ್ನು ಅಲ್ಲಿಯೇ ಕನ್ನಡದಲ್ಲಿ ಓದಿ ಹೇಳಬೇಕು. ನಮ್ಮ ಮಾತು ಬಿಟ್ಟುಹೋಗಿದ್ದರೆ ಎದ್ದು ಕೇಳಲು ಅದೇ ಸಮಯ.

ತಾಯಂದಿರಲ್ಲಿ ವಿಶೇಷ ಪ್ರಾರ್ಥನೆ. ಬಾವಿಯ ನೀರು ದಿನವೂ ಸೇದುವವರು ತಾವು. ಅದರ ರುಚಿ, ಬಣ್ಣ ಬಲ್ಲವರೂ ತಾವೇ. ತಾವು ಹಿಂದೆ ಕುಳಿತು ಕೇಳಿ ಬಂದರೆ ಸಾಲದು, ಮಾತಾಡಬೇಕು.

ದನಕ್ಕೆ ಕಾಯಿಲೆಯಾದಾಗ ವೈದ್ಯರ ಮುಂದೆ ಅತ್ತರೆ ಮದ್ದು ಸಿಗುವುದಿಲ್ಲ. ಎಂದಿನಿಂದ ಮೇವು ಬಿಟ್ಟಿದೆ, ಏನು ತಿಂದಿತ್ತು ಎಂದು ಹೇಳಬೇಕು. ಇದೂ ಹಾಗೆಯೇ. ಬರುವ ಭಾನುವಾರ ಬೆಳಿಗ್ಗೆ ಹಗ್ಗ ಹಿಡಿದು ನಾನೂ ಬರುತ್ತೇನೆ. ಮೊದಲ ಬಾವಿಯಿಂದ ಪ್ರಾರಂಭಿಸೋಣ.